ಹೊನ್ನವ್ವನ ಸಂಜೆಪಾಲು

ಗದಗ, ಫೆಬ್ರವರಿ ೩೦, ೨೨೧೪

ಹಿಂದಿನವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ತಿಂಗಳುಗಳನ್ನು ನಾವು ಸಮ ಮಾಡಿಕೊಂಡಿದ್ದೇವೆ. ಕೆಲವು ಪದಗಳೂ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಾನು ದೇವಕ್ಕ, ನಮ್ಮ ಓಣಿಯ ಅಂಗಳದವ್ವ. ಇಲ್ಲಿ ಪ್ರತಿ ಮಗುವಿಗೂ ಸಂಜೆಪಾಲು ಎಂಬ ಹಕ್ಕಿದೆ: ಸಂಜೆಯ ಒಂದು ಹೊತ್ತು ಓಣಿಯ ಮಕ್ಕಳೊಂದಿಗೆ ಆಡಲಿಕ್ಕೇ ಮೀಸಲು, ಹೆತ್ತವರೂ ಅದನ್ನು ಕಿತ್ತುಕೊಳ್ಳುವಂತಿಲ್ಲ. ಅದನ್ನು ಕಾಯುವುದು ನನ್ನ ಕೆಲಸ. ಮನೆಗಳಿಗೆ ಕಿವಿಗೋಡೆಗಳಿವೆ, ಒಳಗೆ ಮಗುವಿಗೆ ಏಟು ಬಿದ್ದರೆ ಓಣಿಗೆಲ್ಲ ಕೇಳುವಂತೆ ಗಂಟೆ ಹೊಡೆಯುತ್ತವೆ. ಆ ಗಂಟೆ ಕೇಳಿ ವರ್ಷಗಳೇ ಆದವು. ಎಲ್ಲರಿಗೂ ಸಮಾಧಾನ. ನನಗಿಲ್ಲ.

ಏಕೆಂದರೆ ಎದುರು ಮನೆಯ ಪುಟ್ಟ ಹುಡುಗಿ ಹೊನ್ನವ್ವ ಆಟಕ್ಕೆ ಬರುವುದಿಲ್ಲ. "ಅಪ್ಪ ಅಡ್ಡಾಡಾಕ ಕರಕೊಂಡ ಹೋಗ್ತಾನ್ರಿ" ಅಂದಳು, ನೆಲ ನೋಡುತ್ತ. ಅವಳ ಅಪ್ಪ ಬಸಲಿಂಗ ದಿನವೂ ಸರಿಯಾಗಿ ಆಟದ ಹೊತ್ತಿಗೇ ಅವಳ ಕೈಹಿಡಿದು ಊರಾಚೆ ಹೊರಡುತ್ತಾನೆ. ಮಗುವೇ ಹೋಗುತ್ತೇನೆಂದರೆ ತಡೆಯುವ ಅಧಿಕಾರ ನನಗಿಲ್ಲ. ಎಂಥ ಅಕ್ಕರೆಯ ಅಪ್ಪ ಎಂದು ಓಣಿಯವರು ಹೊಗಳುತ್ತಾರೆ. ಊರಾಚೆ ಗೋಡೆಗಳಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ಬರುವಾಗ ಆ ಹುಡುಗಿ ಅಂಗಳದ ನಳದಲ್ಲಿ ಮುಖ ತೊಳೆದುಕೊಂಡೇ ಒಳಗೆ ಹೋಗುತ್ತಾಳೆ. ಈಗೀಗ ಗೆಳತಿಯರು ಅವಳನ್ನು ಕೂಗುವುದನ್ನೂ ಬಿಟ್ಟಿದ್ದಾರೆ, ಹುಟ್ಟುಹಬ್ಬಕ್ಕೂ ಕರೆಯುವುದಿಲ್ಲ.

ನಿನ್ನೆ ಬಸಲಿಂಗನನ್ನು ತಡೆದು, ಮಗಳ ಮೇಲೆ ಕೈ ಮಾಡುತ್ತೀಯಾ ಎಂದು ಕೇಳಿದೆ. ಅವನು ನಗುತ್ತಲೇ, ತನ್ನ ಮುತ್ತಜ್ಜನ ಮುತ್ತಜ್ಜ ಯಾವುದೋ ಗುಂಪಿಗೆ ಕಳಿಸಿದ್ದ ಹಳೆಯ ಮೆಸೇಜು ತೋರಿಸಿದ: "ಅಪ್ಪನ ಕೈಯಾಗ ಹೊಡತ ತಿಂದಿದ್ದಕ್ಕ ನಾ ಮನಷ್ಯಾ ಆದೆ." ಕೆಳಗೆ ಮಂದಿಯೆಲ್ಲ ನಗುಮುಖ ಒತ್ತಿದ್ದರು. "ದೊಡ್ಡವರು ಸುಳ್ಳ ಹೇಳ್ತಾರೇನ್ರಿ?" ಎಂದ. ಹೊಡೆಯುತ್ತೇನೆ ಎನ್ನಲಿಲ್ಲ, ಹೊಡೆಯುವುದಿಲ್ಲ ಎಂದೂ ಎನ್ನಲಿಲ್ಲ.

ಅದಕ್ಕೇ ಈ ಪತ್ರ. ಆ ಮಾತು ಬರೆದವರು ನಿಮ್ಮಲ್ಲೇ ಒಬ್ಬರು. ನೀವೇ ಇರಬಹುದು, ನಿಮ್ಮ ಮೇಲೂ ನನಗೆ ಅನುಮಾನವೇ. ತಮಾಷೆಗೆ ಬರೆದೆ ಎನ್ನಬೇಡಿ, ಅಳಿಸಿಬಿಡಿ. ಬರೆಯಲೇಬೇಕೆಂದಿದ್ದರೆ, ಹೊಡೆತ ತಿಂದ ದಿನ ಆಟಕ್ಕೆ ಹೋಗದೆ ಎಲ್ಲಿ ಕುಳಿತು ಅತ್ತಿರಿ ಎಂಬುದನ್ನು ಬರೆಯಿರಿ.

ಹೊತ್ತಾಯಿತು. ಇಂದು ಅಂಗಳದಲ್ಲಿ ಆಟವಿಲ್ಲ. ಹೊನ್ನವ್ವನ ಸಂಜೆಪಾಲು ಅವಳಿದ್ದಲ್ಲಿಗೇ ಹೋಗಲಿ: ಓಣಿಯ ಮಕ್ಕಳೆಲ್ಲ ಚೆಂಡು ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಾರೆ, ಅಪ್ಪ ಮಗಳ ಹಿಂದೆಯೇ ಹೊರಡುತ್ತೇವೆ. ಬಸಲಿಂಗ ತಿರುಗಿ ನಿಂತು ಮತ್ತೆ ಅದೇ ಮೆಸೇಜು ತೆಗೆಯುತ್ತಾನೆ, ಬೇಕಾದರೆ ನೋಡಿ. ಆ ಸಾಲು ಅಲ್ಲಿ ಇನ್ನೂ ಇದ್ದರೆ, ನೀವು ಅಳಿಸಲಿಲ್ಲವೆಂದು ನನಗೆ ಗೊತ್ತಾಗುತ್ತದೆ.

ದೇವಕ್ಕ ಮುಳಗುಂದ