ಕರೆಂಟು ಹೋದಾಗಿನ ತಾಲೀಮು

ನೆಲೋಗಿ, ತಾಲೂಕಾ ಜೇವರ್ಗಿ
14 ನವೆಂಬರ್ 1988, ಸೋಮವಾರ

ಪ್ರೀತಿಯ ಅವ್ವನಿಗೆ, ನಿನ್ನ ಮಗ ಶಾಂತಲಿಂಗಪ್ಪ ದೂರದಿಂದಲೇ ಪಾದ ಮುಟ್ಟಿ ಮಾಡುವ ಶರಣು.

ನಿನ್ನ ಮೊಣಕಾಲು ಹೇಗಿದೆ? ಆಳಂದದ ಚಳಿಗೆ ಬೆಳಗಿನ ಹೊತ್ತು ಹಿಡಿದುಕೊಳ್ಳುತ್ತಿರಬೇಕು, ಎಣ್ಣೆ ಬಿಸಿ ಮಾಡಿ ತಿಕ್ಕಿಸಿಕೊ. ಸುಂದರಕ್ಕನ ಮುರಿದ ಕೈ ಕೂಡಿಕೊಂಡಿತೇ? ಪಟ್ಟಿ ಬಿಚ್ಚುವವರೆಗೆ ರೊಟ್ಟಿ ಬಡಿಯಲು ಕೂಡಬೇಡ ಎಂದು ಅವಳಿಗೆ ಹೇಳು. ಅಕ್ಕಾ, ಈ ಪತ್ರವನ್ನು ಅವ್ವನಿಗೆ ಓದಿ ಹೇಳುವವಳು ನೀನೇ ಆದ್ದರಿಂದ ನಿನಗೂ ಹೇಳಿದ ಹಾಗಾಯಿತು. ಇಲ್ಲಿ ಗಂಗಾ ಮತ್ತು ಮಕ್ಕಳು ಅರಾಮ ಇದ್ದಾರೆ. ಎಮ್ಮೆ ಮಾತ್ರ ನೀನಿಲ್ಲವೆಂದು ಸಿಟ್ಟಾಗಿದೆ. ಗಂಗಾ ನಿನ್ನ ಸೀರೆ ಹೊದ್ದುಕೊಂಡು ಹೋದರೇ ಹಾಲು ಬಿಡುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಕೇಳಿ ಗಾಬರಿಯಾಗಬೇಡ, ಅಕ್ಕಾ ನೀನೂ ಮುಂದಿನ ಸಾಲನ್ನು ನಿಧಾನವಾಗಿ ಓದು. ಇದೇ ತಿಂಗಳ ಇಪ್ಪತ್ತೇಳಕ್ಕೆ ಅಫಜಲಪುರದ ಯುವಕ ಸಂಘದವರು ಒಂದು ಪಂದ್ಯ ಇಟ್ಟಿದ್ದಾರೆ. ಕೊಳಕೂರಿನ ಹತ್ತಿರ ಭೀಮೆಯನ್ನು ಈಜಿ ಆ ದಂಡೆ ಮುಟ್ಟಿ ಬರಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ಜೇವರ್ಗಿಗೆ ಬರಬೇಕು, ಸೈಕಲ್ ಅಲ್ಲೇ ಬಿಟ್ಟು ಊರು ಸುತ್ತಿ ಓಡಬೇಕು. ಬ್ಯಾಂಕಿನ ವ್ಯಂಕಟೇಶ ಇದಕ್ಕೆ ಟ್ರಯಥ್ಲಾನ್ ಅನ್ನುತ್ತಾನೆ. ನಮ್ಮ ಹಿಟ್ಟಿನ ಗಿರಣಿಗೆ ಬರುವ ಹೆಣ್ಣುಮಕ್ಕಳು ಮೂರಾಟ ಎಂದು ಹೆಸರಿಟ್ಟು ಮುಗಿಸಿದ್ದಾರೆ. ಅದರಲ್ಲಿ ನಾನು ಇಳಿಯಬೇಕೆಂದಿದ್ದೇನೆ. ಶಾಲೆಯಲ್ಲಿ ಓಟಕ್ಕೆ ನನ್ನನ್ನು ಆರಿಸಿದ ವರ್ಷವೇ ಅಪ್ಪ ತೀರಿಕೊಂಡ, ನಾನು ಗಿರಣಿಯ ಬೆಲ್ಟಿನ ಮುಂದೆ ಕುಳಿತೆ. ಅದರ ಬೇಸರ ನನಗಿಲ್ಲ. ಆದರೆ ಮೂವತ್ನಾಲ್ಕು ವಯಸ್ಸಾಯಿತು, ಒಮ್ಮೆಯಾದರೂ ಪಂದ್ಯದಲ್ಲಿ ನಿಂತು ನೋಡಬೇಕು ಎಂಬ ಆಸೆ ಹೋಗಿಲ್ಲ. ನೀನು ಒಪ್ಪದೆ ಹೊಳೆಗೆ ಇಳಿಯುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೇನೆ. ಇಂದಿಗೂ ಇಳಿದಿಲ್ಲ. ನೀನು ಬೇಡ ಅಂದರೆ ಅಲ್ಲಿಗೇ ಮುಗಿಯಿತು.

ನಿನ್ನ ಹೆದರಿಕೆ ನನಗೆ ಗೊತ್ತಿಲ್ಲವೇ? ಚಿಕ್ಕವನಿದ್ದಾಗ ನಾನು ಬಾವಿಗೆ ಜಿಗಿದು, ಶಿವದಾರ ಹರಿದು, ಕೊರಳಿನ ಲಿಂಗ ನೀರಿನ ಪಾಲಾಯಿತು. ಅದು ಸಿಗುವವರೆಗೆ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಯಾರೂ ಬಾಯಿಗೆ ಹನಿ ನೀರು ಹಾಕಲಿಲ್ಲ. ಓಣಿಯವರೆಲ್ಲ ಸೇರಿ ಬಾವಿ ಬತ್ತಿಸಿ ಕೆಸರಿನಿಂದ ಅದನ್ನು ಎತ್ತಿ ಕೊಟ್ಟಾಗ ನೀನು ನನ್ನ ಕೆನ್ನೆಗೆ ಒಂದು ಕೊಟ್ಟು, ಆಮೇಲೆ ಅಪ್ಪಿಕೊಂಡು ಹೇಳಿದೆಯಲ್ಲ, "ಬಾವಿ ಆದ್ರ ನೀರು ಎತ್ತಿ ಹಾಕಬಹುದು. ಹೊಳಿ ಯಾರು ಎತ್ತಿ ಹಾಕ್ತಾರ್ಲೇ?" ಹೊಳೆಯನ್ನು ಯಾರೂ ಎತ್ತಿ ಹಾಕಲಾರರು, ನಿಜ. ಅದಕ್ಕೇ ಲಿಂಗ ನೀರಿಗೆ ಬೀಳದ ಹಾಗೆ ಏನು ಮಾಡಬೇಕೆಂದು ಎರಡು ತಿಂಗಳಿನಿಂದ ಹುಡುಕುತ್ತಿದ್ದೇನೆ. ಅದರ ಕಥೆ ಕೇಳು.

ಮೊದಲು ತಾಲೀಮಿಗೆ ಒಂದು ದಾರಿ ಬೇಕಾಗಿತ್ತು. ವ್ಯಂಕಟೇಶ ಪುಣೆಯಲ್ಲಿರುವ ತನ್ನ ಭಾವನಿಂದ ಒಂದು ವೇಳಾಪಟ್ಟಿ ತರಿಸಿಕೊಟ್ಟ. ಬೆಳಗ್ಗೆ ಈಜು, ಆಮೇಲೆ ಹಾಲು ಹಣ್ಣು, ಮಧ್ಯಾಹ್ನ ನಿದ್ದೆ, ಸಂಜೆ ಓಟ, ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ. ಅವನು ಓದುತ್ತಿದ್ದರೆ ಗಂಗಾ ಸೆರಗು ಬಾಯಿಗೆ ಒತ್ತಿ ನಕ್ಕಳು. "ಇಂಥಾ ಕೆಲಸ ಎಲ್ಲೆರ ಇದ್ರ ನನಗೂ ಒಂದು ಕೊಡಸ್ರಿ ಅಣ್ಣಾರ." ಜೇವರ್ಗಿಯ ಕುಸ್ತಿ ಗರಡಿಗೆ ಹೋದೆ. ಅಲ್ಲಿಯ ಉಸ್ತಾದರು ನನ್ನ ಹೊಟ್ಟೆಗೆ ಬೆರಳಿನಿಂದ ಚುಚ್ಚಿ, "ಆರು ತಿಂಗಳು ಬೈಠಕ್ ಹೊಡಿ, ಆಮ್ಯಾಲ ಮಾತಾಡಮ. ಓಡೋದು ಎದಕಪಾ? ಪೈಲ್ವಾನ ಅಂದ್ರ ನಿಂತಲ್ಲೇ ನಿಲ್ಲಬೇಕು" ಅಂದರು. ಕಲಬುರಗಿಯ ಈಜುಕೊಳದ ಸಂಘಕ್ಕೂ ಹೋಗಿ ಬಂದೆ. ನಮ್ಮ ಮೊದಲ ಬಸ್ಸು ಮುಟ್ಟುವ ಹೊತ್ತಿಗೆ ಅವರು ಮೈ ಒರೆಸಿಕೊಂಡು ಚಹಾ ಕುಡಿಯುತ್ತಿದ್ದರು. ಮೇಲಾಗಿ ಕೊರಳಲ್ಲಿ ಏನೂ ಇರಬಾರದೆಂದು ಅವರ ನಿಯಮ. "ಲಿಂಗದ ಕರಡಿಗಿ ಇಲ್ಲಿ ತಗದಿಟ್ಟು ಇಳೀರಿ, ಯಾರೂ ಮುಟ್ಟಂಗಿಲ್ಲ" ಎಂದು ಮರ್ಯಾದೆಯಿಂದಲೇ ಹೇಳಿದರು. ಲಿಂಗ ಮೈಯಿಂದ ತೆಗೆಯುವ ಮಾತೇ ಇಲ್ಲವಲ್ಲ, ನಾನೂ ಮರ್ಯಾದೆಯಿಂದಲೇ ಶರಣು ಹೇಳಿ ತಿರುಗಿ ಬಂದೆ.

ಕೊನೆಗೆ ನನ್ನ ಸಂಘ ಸಿಕ್ಕಿದ್ದು ನಮ್ಮ ಗಿರಣಿಯ ಸಾಲಿನಲ್ಲೇ. ಒಂದು ದಿನ ಕರೆಂಟು ಹೋಯಿತು. ಹೆಂಗಸರು ಡಬ್ಬಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಹೇಗೂ ಖಾಲಿ ಕೂಡಬೇಕಲ್ಲ ಎಂದು ನಾನು ಹಳ್ಳದವರೆಗೆ ಓಡಿ ಬರುತ್ತೇನೆಂದು ಹೊರಟೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಮದೀನಾಬಿಯ ದನಿ. ನಮ್ಮ ಓಣಿಯ ಪಿಂಜಾರರ ಮದೀನಾಬಿ, ಅವಳ ದನಿ ನಿನಗೆ ಗೊತ್ತೇ ಇದೆ, ಆಳಂದಕ್ಕೂ ಕೇಳಿಸಿರಬಹುದು. "ಬಂತೋ ಶಾಂತಲಿಂಗಪ್ಪಾ! ಕರೆಂಟ್ ಬಂತು! ಓಡಿ ಬಾರೋ, ನನ ಜ್ವಾಳ ಮೊದಲು!" ಮತ್ತೆ ಹೋಗಿಬಿಟ್ಟೀತು ಎಂಬ ಭಯಕ್ಕೆ ಜೀವ ಬಿಟ್ಟು ಓಡಿ ಬಂದೆ. ಅಂದಿನಿಂದ ಇದೇ ನನ್ನ ವೇಳಾಪಟ್ಟಿ. ಕರೆಂಟು ಹೋದರೆ ಹೊರಡುವುದು, ಬಂದರೆ ಕೂಗಿಗೆ ಓಡಿ ಬರುವುದು. ದಿನಕ್ಕೆ ಎಷ್ಟು ಸಲವೆಂಬುದು ವಿದ್ಯುತ್ತಿನವರಿಗೇ ಗೊತ್ತು. ಹಳ್ಳದಿಂದ ನಡೆದು ಬಂದರೆ ಸಾಲಿನಲ್ಲಿ ಕುಳಿತವರು ಬಿಡುವುದಿಲ್ಲ. "ನೋಡ್ರೆವ್ವಾ, ಮದುಮಗ ಬರಾಕತ್ತಾನ! ನಮ್ಮ ಹಿಟ್ಟೆಲ್ಲಾ ಇವನ ಹೊಟ್ಟ್ಯಾಗ ಅದ!" ಪುಣೆಯ ಯಾವ ಗುರುವೂ ಹೀಗೆ ಓಡಿಸಲಾರ. ಗಿರಣಿಯ ಸಾಮಾನಿಗೆ ಜೇವರ್ಗಿಗೆ ಬಸ್ಸಿನಲ್ಲಿ ಹೋಗುವುದನ್ನೂ ಬಿಟ್ಟಿದ್ದೇನೆ, ಹಿಂದೆ ಒಂದು ಚೀಲ ಹೇರಿಕೊಂಡು ಸೈಕಲ್ಲಿನ ಮೇಲೆಯೇ ಹೋಗಿ ಬರುತ್ತೇನೆ. ಹೊಟ್ಟೆ ಇಳಿದಿದೆ ಅವ್ವಾ, ಧೋತರದ ಗಂಟು ಎರಡು ಬೆರಳು ಒಳಗೆ ಹೋಗಿದೆ.

ಈಜು ನಮ್ಮ ಹೊಲದ ಬಾವಿಯಲ್ಲಿ. ಲಿಂಗಕ್ಕಾಗಿ ನಾನು ಮೊದಲು ಮಾಡಿದ ಉಪಾಯ ಕೇಳಿದರೆ ನಗುತ್ತೀ. ಕರಡಿಗೆಯನ್ನು ಎದೆಗೆ ಒತ್ತಿಕೊಂಡು, ಗಿರಣಿಯ ಹಳೆಯ ಕ್ಯಾನ್ವಾಸ್ ಬೆಲ್ಟಿನ ತುಂಡಿನಿಂದ ಬಿಗಿಯಾಗಿ ಸುತ್ತಿ ಇಳಿದೆ. ಲಿಂಗ ಅಲುಗಲಿಲ್ಲ, ಆದರೆ ಉಸಿರೂ ಅಲುಗಲಿಲ್ಲ. ಮೆಟ್ಟಿಲಿನ ಮೇಲೆ ಕುಳಿತ ಗಂಗಾ ಎಳೆದು ಬಿಚ್ಚಿದಳು. ಮರುದಿನ ಮದೀನಾಬಿ ಗಿರಣಿಯಲ್ಲಿ ಇದನ್ನು ಕೇಳಿ ಹಣೆ ಬಡಿದುಕೊಂಡಳು. "ನಮ್ಮ ಹುಡುಗನ ತಾವೀಜ ತೋಳಿಗೆ ಕಟ್ಟೇನಿ, ದಿನಾ ನೀರಾಗ ಬಿದ್ದಿರತಾನ, ಎಲ್ಲಿ ಹೋಗ್ಯದ? ಹಳೀ ಅರಿವಿ ತಗೊ, ತೊಯ್ಸಿ ಗಂಟು ಹಾಕು." ತೋಳಿಗೆ ಕಟ್ಟಬಹುದೇ ಎಂದು ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿದೆ. ಹೊಕ್ಕುಳಿನ ಕೆಳಗೆ ಇಳಿಯಬಾರದು, ಮೇಲೆ ಮೈಗೆ ತಾಗಿ ಎಲ್ಲಿದ್ದರೂ ದೋಷವಿಲ್ಲ ಎಂದರು. ಈಗ ಹಳೆಯ ಧೋತರದ ಅರಿವೆಯಲ್ಲಿ ಸುತ್ತಿ, ರಟ್ಟೆಗೆ ಕಟ್ಟಿ, ನೀರಿನಲ್ಲಿ ತೋಯಿಸಿ ಗಂಟು ಹಾಕುತ್ತಾಳೆ ಗಂಗಾ. ದಂಡೆಯ ಮೇಲಿನಿಂದ ಜಿಗಿದು ನೋಡಿದ್ದೇನೆ, ತಳ ಮುಟ್ಟಿ ಬಂದು ನೋಡಿದ್ದೇನೆ. ಗಂಟು ಬಿಚ್ಚಲು ಅವಳು ಹಲ್ಲು ಹಚ್ಚಬೇಕಾಗುತ್ತದೆ. ನಾನು ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಆ ದಂಡೆ ಮುಟ್ಟಿ ಬರುತ್ತೇನೆ, ಲಿಂಗದ ಸಮೇತ ಬರುತ್ತೇನೆ. ಇದು ಹಟದ ಮಾತಲ್ಲ, ದಿನಾ ಮಾಡಿ ನೋಡಿದ ಮಾತು.

ಭಾವನವರಿಗೆ ನನ್ನ ಶರಣು, ಅಕ್ಕನ ಮಕ್ಕಳಿಗೆ ಮುದ್ದು. ಗಂಗಾ ಅಕ್ಕನಿಗೆ ರೊಟ್ಟಿಯ ಜೊತೆಗೆಂದು ಅಗಸಿ ಹಿಂಡಿ ಕಟ್ಟಿಟ್ಟಿದ್ದಾಳೆ, ಯಾರಾದರೂ ಆ ಕಡೆ ಹೊರಟರೆ ಕಳಿಸುತ್ತೇವೆ. ನಿನ್ನ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿನ್ನ ಮಗ,
ಶಾಂತಲಿಂಗಪ್ಪ

ತಾ.ಕ.: ಅವ್ವಾ, ಕರೆಂಟು ಬಂತು, ಮದೀನಾಬಿ ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಈಜುವ ಒಬ್ಬೊಬ್ಬರ ಪಕ್ಕಕ್ಕೂ ಒಂದು ಹರಗೋಲು ಬರುತ್ತದೆ. ಅದರಲ್ಲಿ ಅಂಬಿಗನ ಜೊತೆಗೆ ಅವರವರ ಮನೆಯವರೊಬ್ಬರು ಹಗ್ಗ ಹಿಡಿದು ಕೂಡಬೇಕಂತೆ. ಅವರು "ಸಾಕು" ಅಂದರೆ ಈಜುವವನು ಎದುರಾಡದೆ ಹಗ್ಗ ಹಿಡಿದು ಹತ್ತಬೇಕು. ಎಲ್ಲರೂ ವ್ಯಂಕಟೇಶನನ್ನು ಕೂಡಿಸು ಅಂದರು. ನಾನು ನಿನ್ನ ಹೆಸರು ಹೇಳಿ ಬಂದಿದ್ದೇನೆ. ನೀನು ಬರದಿದ್ದರೆ ನಾನೂ ಪಂದ್ಯಕ್ಕಿಲ್ಲ. ಇಪ್ಪತ್ತಾರರ ಬಸ್ಸಿಗೆ ಭಾವನವರು ನಿನ್ನನ್ನು ಹತ್ತಿಸಲಿ, ಬೆಳಗ್ಗೆ ಗಂಟು ನೀನೇ ಹಾಕು. ನೀನು ಸಾಕು ಅಂದ ಕೂಡಲೇ ಹೊರಗೆ ಬರುತ್ತೇನೆ, ಆಣೆ. ಆದರೆ ಅವ್ವಾ, ಆ ದಂಡೆ ಮುಟ್ಟುವವರೆಗೆ ಬಾಯಿಗೆ ಸೆರಗು ಹಿಡಿದುಕೊ.