ಚಾಸಿಯ ಮೇಲಿನ ಮುದ್ರೆ

ಅಣ್ಣನಿಗೆ,

ಅಪ್ಪನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರಲ್ಲ, ಆ ಹೊಲಿಗೆಯನ್ನು ಮೊನ್ನೆ ಬಿಚ್ಚಿದರು. ಜ್ವರವಿಲ್ಲ.

ನಿಮ್ಮ ಗಾಡಿ ಕಂಪನಿಯ ಕಾಗದ ಬಂತು. ಅತಿಭಾರ ಹೇರಿದ್ದರಿಂದ ಗಾಡಿಯ ತಳದ ಚೌಕಟ್ಟು, ಚಾಸಿ, ಮುರಿದಿದೆ ಎಂದು ಬರೆದು, ಕೆಳಗೆ ನೀನೇ ಸಹಿ ಹಾಕಿದ್ದೀಯ. ಎಂಥ ಗುಡ್ಡ ಹತ್ತಿದರೂ ಇಪ್ಪತ್ತು ವರ್ಷ ಅಲ್ಲಾಡದು ಎಂದು ನೀನು ಕೊಡಿಸಿದ ಗಾಡಿ ಅದು. ನಾಲ್ಕನೇ ವರ್ಷಕ್ಕೆ ಇಳಿಜಾರಿನಲ್ಲಿ ಎರಡು ತುಂಡಾಯಿತು. ಆಗ ಅದರಲ್ಲಿದ್ದ ಭಾರವೆಂದರೆ ಅಪ್ಪ ಮತ್ತು ಹಾಲಿನ ಎರಡು ಖಾಲಿ ಕ್ಯಾನು.

ಮುರಿದದ್ದನ್ನು ನನ್ನ ಗ್ಯಾರೇಜಿಗೇ ಎಳೆದು ತಂದರು. ಹಿಂಭಾಗದ ಜಾಯಿಂಟಿನ ಬಣ್ಣ ಕೆರೆದು ನೋಡಿದೆ. ಅಲ್ಲಿ ವೆಲ್ಡಿಂಗೇ ಆಗಿಲ್ಲ. ಎರಡು ಕಡೆ ಚುಕ್ಕಿಯಷ್ಟು ಬೆಸುಗೆ ತಾಗಿಸಿ, ಮೇಲೆ ಬಣ್ಣ ಬಳಿದಿದ್ದಾರೆ. ಪಕ್ಕದಲ್ಲೇ, ಪರೀಕ್ಷಿಸಿದ್ದಾಗಿದೆ ಎಂಬ ನಿನ್ನ ಮುದ್ರೆ ಅಚ್ಚುಕಟ್ಟಾಗಿ ಕೂತಿದೆ. ತಿಂಗಳ ಕೊನೆಯ ಗಡಿಬಿಡಿಯಲ್ಲಿ ವೆಲ್ಡಿಂಗಿಗೆ ಮುಂಚೆಯೇ ಸಾಲಾಗಿ ಮುದ್ರೆ ಒತ್ತಿಬಿಡುತ್ತೀರೆಂದು, ಒಮ್ಮೆ ಊಟಕ್ಕೆ ಕೂತಾಗ ನೀನೇ ಹೇಳಿದ್ದೆ. ಎಲ್ಲರೂ ನಕ್ಕೆವು. ನಾನೂ ನಕ್ಕಿದ್ದೆ.

ಆ ತುಂಡನ್ನು ಕತ್ತರಿಸಿ ಇದರ ಜೊತೆ ಕಳಿಸಿದ್ದೇನೆ. ಊರುಗೋಲಿಗೆಂದು ನೀನೇನೂ ಕಳಿಸಬೇಡ. ಪೈಪು ತಂದು ನಾನೇ ಮಾಡಿದೆ. ವೆಲ್ಡಿಂಗನ್ನು ಎರಡು ಸಲ ನೋಡಿದ್ದೇನೆ.

ಒಂದೇ ಒಂದು ಕೇಳಿಕೆ. ತುಕ್ಕು ಹಿಡಿದು ಮುರಿಯಿತೆಂದು ಅಪ್ಪನಿಗೆ ಹೇಳಿದ್ದೇನೆ. ಫೋನು ಮಾಡಿದರೆ ನೀನೂ ಹಾಗೇ ಹೇಳು. ನಿನ್ನೆ ಅಪ್ಪ ನನ್ನನ್ನು ಹತ್ತಿರ ಕರೆದು ಹೇಳಿದರು: "ತುಕ್ಕಿಗೆ ಯಾರೇನ್ ಮಾಡೋಕಾಗುತ್ತೆ ಬಿಡು. ಮುಂದಿನ ಗಾಡಿ ತಗೊಳ್ಳುವಾಗ್ಲೂ ದೊಡ್ಡೋನ ಮುದ್ರೆ ಇದೆಯಾ ಅಂತ ನೋಡ್ಕೊಂಡೇ ತಗೋ."

ಇಂತಿ,
ನಿನ್ನ ತಮ್ಮ