ಕೆಳಗಿನ ಖಾಲಿ ಜಾಗ

ರೀ,

ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿನ್ನಿ. ನಿನ್ನೆ ಮಾಡಿಟ್ಟಿದ್ದು ಮುಟ್ಟೇ ಇಲ್ಲ ನೀವು.

ನಿನ್ನೆ ಫೋನ್ ಮರೆತು ಡ್ಯೂಟಿಗೆ ಹೋಗಿದ್ರಿ. ಸಂಜೆ ನಾನು ಲಾಂಡ್ರಿ ಕೆಲಸ ಮುಗಿಸಿ ಬಂದು, ಮಾತ್ರೆ ಮೇಲಿನ ತಾರೀಕು ಕಾಣದೆ, ನಿಮ್ಮ ಫೋನಿನ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿ ಓದಿದೆ. ಆಗ ಒಳಗಿನ ಫೋಟೊಗಳೂ ಕಂಡವು. ಎಲ್ಲಾ ನನ್ನ ಚೀಟಿಗಳೇ! ಒಂದೊಂದು ಸಾಲಿಗೆ ಒಂದೊಂದು ಫೋಟೊ.

ಬೆಳಿಗ್ಗೆ ನಾನು ಹೊರಡುವಾಗ ನೀವು ನಿದ್ದೇಲಿ, ಸಂಜೆ ನಾನು ಬರೋಷ್ಟರಲ್ಲಿ ನೀವು ಡ್ಯೂಟೀಲಿ. ಮೊದಲೆಲ್ಲ ನನ್ನ ಚೀಟಿ ಕೆಳಗೇ ಉತ್ತರ ಬರೆದಿಡ್ತಿದ್ರಿ. ಮೂರು ತಿಂಗಳಿಂದ ಒಂದಕ್ಷರ ಇಲ್ಲ. ಮುನಿಸ್ಕೊಂಡಿದ್ದೀರಿ ಅಂತ ನಾನೂ ಮುಖ ಗಂಟು ಹಾಕ್ಕೊಂಡು, ಬರೀ ಹಾಲು, ಬೀಗ ಅಂತ ಬರೆದಿಟ್ಟೆ. ದಿನಾ ಸಂಜೆ ಆ ಖಾಲಿ ಜಾಗ ನೋಡ್ತಾ ಒಬ್ಬಳೇ ಉಂಡೆ. ಬಸ್ ಓಡಿಸೋರಿಗೆ ದೂರದ ಸ್ಟಾಪ್ ಕಾಣುತ್ತೆ, ಕೈಲಿರೋ ಕಾಗದ ಕಾಣಲ್ಲ ಅಂತ ಹೇಳೋಕೇನು ದಾಡಿ ನಿಮಗೆ?

ಭಾನುವಾರ ರಜೆ ಕೇಳಿದ್ದೀನಿ. ಇಬ್ಬರೂ ಕನ್ನಡಕದ ಅಂಗಡಿಗೆ ಹೋಗೋಣ.

ಇದನ್ನ ದಪ್ಪ ಅಕ್ಷರದಲ್ಲಿ ಬರೆದಿದ್ದೀನಿ, ಫೋನ್ ಬೇಡ. ಕೆಳಗೆ ಜಾಗ ಬಿಟ್ಟಿದ್ದೀನಿ. ಬರೆಯೋಕೆ ಆಗದಿದ್ರೆ ಒಂದು ಗೀಟು ಎಳೀರಿ, ಸೊಟ್ಟಗಿದ್ದರೂ ಪರವಾಗಿಲ್ಲ. ಸಂಜೆ ಊಟಕ್ಕೆ ಕೂತಾಗ ಅದೊಂದು ಜೊತೆಗಿರಲಿ.